ಬಾಯಿ ಬಿಡದ ಚಾಕು

ನಮ್ಮ ಲಾಂಡ್ರಿಗೆ ಬರುವುದೆಲ್ಲ ಕಾರ್ಖಾನೆಯವರ ಬಟ್ಟೆ. ಯಂತ್ರಕ್ಕೆ ಹಾಕುವ ಮುಂಚೆ ಒಂದೊಂದು ಜೇಬಿಗೂ ಕೈಹಾಕಿ ನೋಡುವುದು ನನ್ನ ಕೆಲಸ. ಬೋಲ್ಟು, ಬಾಚಣಿಗೆ, ಮುರಿದ ಪೆನ್ಸಿಲ್ಲು, ಒಮ್ಮೆ ಯಾರದೋ ಹಲ್ಲಿನ ಸೆಟ್ಟೂ ಸಿಕ್ಕಿತ್ತು. ಈ ಚಾಕು ಮಾತ್ರ ಮೊಣಕಾಲಿನ ಪಕ್ಕದ ಜೇಬಿನಲ್ಲಿ ಅಡಗಿ ಕೂತು ಕೈ ತಪ್ಪಿಸಿಕೊಂಡಿತ್ತು. ಕುದಿಯುವ ಸೋಪುನೀರು ಕುಡಿದು, ಡ್ರಮ್ಮಿನಲ್ಲಿ ಗಿರಗಿರ ತಿರುಗಿ ಹೊರಗೆ ಬಂತು. ಹಿಡಿಯೊಳಗೇ ಎಲ್ಲ ಮಡಿಚಿಕೊಳ್ಳುವ ಬಗೆಯದು. ದೊಡ್ಡ ಅಲಗು, ಚಿಕ್ಕ ಅಲಗು, ಕತ್ತರಿ, ಸ್ಕ್ರೂಡ್ರೈವರ್, ಡಬ್ಬ ತೆರೆಯುವ ಕೊಕ್ಕೆ. ಯಾರೂ ಕೇಳಿಕೊಂಡು ಬರಲಿಲ್ಲ. ಕಪಾಟಿನ ಮೇಲೆ ಬಿದ್ದು ಬಿದ್ದು ತುಕ್ಕು ಹಿಡಿಯಿತು.

"ತಗೊಂಡ್ಹೋಗು ತಾಯಿ," ಎಂದರು ಮೇಲ್ವಿಚಾರಕರು. "ಸ್ನಾನ ಮಾಡಿಸಿದವಳು ನೀನು. ಮೈ ಒರೆಸೋ ಜವಾಬ್ದಾರಿನೂ ನಿಂದೇ."

"ಮನೇಲಿ ಒಂದು ಮೊಂಡು ಇದೆಯಲ್ಲ, ಸಾಲ್ದಾ? ಇನ್ನೊಂದು ಬೇಕಾ ಇವಳಿಗೆ?" ಎಂದಳು ಪಕ್ಕದ ಮೇಜಿನ ಇಸ್ತ್ರಿಯವಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮನೆಯಲ್ಲಿರುವ ಮೊಂಡು ನನ್ನ ಮಗಳು. ಹೈಸ್ಕೂಲು. ಅವಳಪ್ಪ ಬೇರೆ ಸಂಸಾರ ಹೂಡಿದ ಮೇಲೆ ನಾವಿಬ್ಬರೂ ನನ್ನಕ್ಕನ ಮನೆಯಲ್ಲಿದ್ದೆವು. ಈ ಕೆಲಸ ಸಿಕ್ಕಿದಾಗ ಅವಳನ್ನು ಅಲ್ಲಿಂದ ಕಿತ್ತು ಇಲ್ಲಿಗೆ ತಂದೆ. ಬಂದಾಗಿನಿಂದ ಮಾತು ಸವೆಯುತ್ತಾ ಹೋಗಿ, ಈಗ 'ಹೂಂ', 'ಊಹೂಂ', 'ಸಾಕು' ಇಷ್ಟರಲ್ಲೇ ಮನೆ ನಡೆಯುತ್ತಿದೆ. ಇಡೀ ದಿನ ಯಂತ್ರಗಳ ಗಲಾಟೆ ಕೇಳಿ ಬಂದವಳಿಗೆ ಮೌನ ಹಿತವಾಗಬೇಕು ಅನ್ನುತ್ತಾರೆ. ಆಗುವುದಿಲ್ಲ. ಅಡುಗೆಗೆ ಉಪ್ಪು ಜಾಸ್ತಿಯಾಗಿದೆ ಅಂತ ಬೈದರೂ ಸಾಕಿತ್ತು. ಒಮ್ಮೆ ಬೇಕೆಂದೇ ಜಾಸ್ತಿ ಹಾಕಿಯೂ ನೋಡಿದೆ. ಸುಮ್ಮನೆ ಉಂಡು ಎದ್ದುಹೋದಳು.

ಚಿಕ್ಕವಳಿದ್ದಾಗ ಅವಳಿಗೆ ಬಿಚ್ಚುವ, ಮಡಿಸುವ ಸಾಮಾನು ಕಂಡರೆ ಪ್ರಾಣ. ಅಕ್ಕನ ಮನೆಯ ಟಾರ್ಚು, ಬೀಗ ಒಂದನ್ನೂ ನೆಟ್ಟಗೆ ಬಿಟ್ಟವಳಲ್ಲ. ಚಾಕುವನ್ನು ಸರಿಮಾಡಿ ಮುಂದಿಟ್ಟರೆ "ಇದೇನಮ್ಮ, ಈ ಕೊಕ್ಕೆ ಯಾಕೆ?" ಅಂತ ಒಂದು ಮಾತು ಬರಬಹುದು, ಮಾತಿಗೆ ಮಾತು ಬೆಳೆಯಬಹುದು. ನನಗೆ ಬೇಕಿದ್ದದ್ದು ಅಷ್ಟೇ.

ಶನಿವಾರ ಅರ್ಧ ದಿನ ಕೆಲಸ. ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಹಳೇ ಪೇಪರು ಹಾಸಿಕೊಂಡು ಕೂತೆ. ಅವಳು ಕೋಣೆಯಲ್ಲಿ, ಬಾಗಿಲು ಮುಕ್ಕಾಲು ಮುಚ್ಚಿಕೊಂಡು. ಚಾಕು ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಅಲಗಿನ ಗೀರಿಗೆ ಉಗುರು ಸಿಕ್ಕಿಸಿ ಎಳೆದರೆ ಉಗುರೇ ಕಿತ್ತುಬಂತು. ಅಷ್ಟರಲ್ಲಿ ಅಕ್ಕನ ಫೋನು.

"ಏನೇ ಏದುಸಿರು ಬಿಡ್ತಿದ್ದೀಯ?"

"ನಿನ್ನೆ ಹೇಳಿದ್ನಲ್ಲ ಅಕ್ಕ, ಅದೇ."

"ಇನ್ನೂ ಸರಿಹೋಗಿಲ್ವಾ?"

"ಮೊಂಡು ಕಣಕ್ಕ. ಎಷ್ಟು ಪುಸಲಾಯಿಸಿದ್ರೂ ಬಾಯಿ ಬಿಡ್ತಿಲ್ಲ. ಬಲವಂತ ಮಾಡೋಕೆ ಹೋದ್ರೆ ಮುರಿದೇಹೋಗತ್ತೇನೋ ಅಂತ ಭಯ."

"ನಿನಗ್ಯಾಕೆ ಇಲ್ಲದ ತಲೆನೋವು?"

"ಹೂಂ, ನನ್ನ ಕೈಲಾಗಲ್ಲ. ಎಲ್ಲಿಂದ ತಂದ್ನೋ ಅಲ್ಲಿಗೇ ವಾಪಸ್ ಬಿಟ್ಟು ಬರ್ತೀನಿ."

ಫೋನಿಟ್ಟೆ. ಇಟ್ಟ ಮೇಲೆ ಮನಸ್ಸು ಕೇಳಲಿಲ್ಲ. ಬಿಸಿನೀರಿಗೆ ಸೋಪಿನ ಪುಡಿ ಹಾಕಿ ಚಾಕುವನ್ನು ಮುಳುಗಿಸಿದೆ. ನೆನೆದ ಮೇಲೆ ತೆಗೆದು ಒರೆಸಿ, ಸಂದಿಸಂದಿಗೂ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆ. ಎಳೆಯಲಿಲ್ಲ, ಇಷ್ಟು ಹಿಂದೆ, ಇಷ್ಟು ಮುಂದೆ, ಸುಮ್ಮನೆ ಅಲುಗಾಡಿಸುತ್ತಾ ಹೋದೆ. ಕೊನೆಗೆ ಟಕ್ಕೆಂದು ದೊಡ್ಡ ಅಲಗು ಎದ್ದು ನಿಂತಿತು. ಅದರ ಹಿಂದೆಯೇ ಉಳಿದವು. ಒಳಗೆ ಯಾರದೋ ಜೇಬಿನ ನೀಲಿ ನೂಲು, ಮರಳು, ಗಟ್ಟಿಯಾದ ಸೋಪು. ಕಡ್ಡಿಯಿಂದ ಕೆದಕಿ ತೆಗೆದೆ. ಅಡುಗೆಸೋಡಾ ಕಲಸಿ ಹಳೇ ಬ್ರಷ್ಷಿನಲ್ಲಿ ತುಕ್ಕು ಉಜ್ಜಿದೆ. ಕೆಂಪು ನೀರು ಇಳಿಯಿತು, ಕಬ್ಬಿಣದ ಬಣ್ಣ ಬಂತು. ಅಲಗನ್ನು ಸಾಣೆಕಲ್ಲಿಗೆ ಓರೆಯಾಗಿ ಹಿಡಿದು ಒಂದೇ ಹದದಲ್ಲಿ ಮಸೆದೆ. ಪೇಪರಿನ ಅಂಚಿಗೆ ತಾಕಿಸಿದರೆ ಸದ್ದಿಲ್ಲದೆ ಸೀಳಿತು. ನನಗೇ ನಗು ಬಂತು. ಮೊಂಡಂತೆ ಮೊಂಡು!

ಚಾಕುವನ್ನು ಮಡಿಚಿ ಹಿಡಿದುಕೊಂಡು ಅವಳ ಬಾಗಿಲು ತಳ್ಳಿದೆ.

ಮಂಚದ ಮೇಲೆ ದೊಡ್ಡ ಚೀಲ ಬಾಯ್ತೆರೆದಿತ್ತು. ಪುಸ್ತಕಗಳು ಆಗಲೇ ಒಳಗೆ ಸೇರಿದ್ದವು. ಬಟ್ಟೆಯೆಲ್ಲ ಹೊರಗೆ ರಾಶಿ. ಮಗಳು ತಲೆಯೆತ್ತಿ ನನ್ನನ್ನು ನೋಡಿದಳು. ಮುಖ ಅರಳಿತ್ತು. ಆ ಮುಖ ನೋಡಿ ಎಷ್ಟು ಕಾಲವಾಗಿತ್ತೋ.

"ನಾಳೇನೇ ಬಿಟ್ಟು ಬರ್ತೀಯಾ, ಇಲ್ಲ ಪರೀಕ್ಷೆ ಮುಗಿದ್ಮೇಲಾ?"

"ಎಲ್ಲಿಗೆ?"

"ನಾಟಕ ಆಡ್ಬೇಡಮ್ಮ. ದೊಡ್ಡಮ್ಮಂಗೆ ಹೇಳ್ತಿದ್ಯಲ್ಲ, ಎಲ್ಲಿಂದ ತಂದ್ನೋ ಅಲ್ಲಿಗೇ ವಾಪಸ್ ಅಂತ. ಕೇಳಿಸ್ತು." ಅಂಗಿಯೊಂದನ್ನು ಉಂಡೆ ಮಾಡಿ ಚೀಲಕ್ಕೆ ತುರುಕಿದಳು. "ಮೊಂಡು ಅಂದಿದ್ದಕ್ಕೆಲ್ಲ ಕೋಪ ಇಲ್ಲ. ನಾನೇ ಕೇಳೋಣ ಅಂತಿದ್ದೆ. ನೀನು ಒಬ್ಬಳೇ ಆಗ್ತೀಯ, ಬೇಜಾರ್ ಮಾಡ್ಕೋತೀಯ ಅಂತ ಬಾಯಿ ಬಿಡೋಕೇ ಆಗ್ತಿರ್ಲಿಲ್ಲ. ಬೇರೆ ಏನ್ ಮಾತಾಡೋಕೆ ಹೋದ್ರೂ ಅದೇ ಬಾಯಿಗೆ ಬಂದುಬಿಡ್ತಿತ್ತು."

'ಅಯ್ಯೋ ಹುಚ್ಚಿ, ಅದು ಚಾಕುವಿನ ಮಾತು' ಅಂದಿದ್ದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಅಂದರೆ ಅವಳು ಪುಸ್ತಕಗಳನ್ನು ಒಂದೊಂದಾಗಿ ಹೊರಗೆ ತೆಗೆದಿಡುತ್ತಾಳೆ, ಒಂದು ಮಾತೂ ಆಡದೆ. ಬಾಗಿಲು ಮತ್ತೆ ಮುಕ್ಕಾಲು ಮುಚ್ಚುತ್ತದೆ. ಮಗಳು ಮನೆಯಲ್ಲೇ ಇರುತ್ತಾಳೆ.

ಕೈಯಲ್ಲಿದ್ದದ್ದನ್ನು ಸೀರೆಯ ಮರೆಯಲ್ಲೇ ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಪರೀಕ್ಷೆ ಮುಗೀಲಿ," ಅಂದೆ. "ಮುಗಿದ ಮಾರನೇ ದಿನಾನೇ ಹೊರಡೋಣ. ಅಕ್ಕನ ಹತ್ರ ನಾನು ಮಾತಾಡ್ತೀನಿ."

"ನಿಜವಾಗ್ಲೂ?"

"ನಿಜ. ಅಂಗೀನ ಹಾಗೆ ತುರುಕ್ಬೇಡ, ಲಾಂಡ್ರಿಯವಳ ಮಗಳು ಅಂದ್ರೆ ಜನ ನಗ್ತಾರೆ. ಕೊಡಿಲ್ಲಿ."

ನಕ್ಕಳು. ಮಂಚದ ಮೇಲೆ ಜಾಗ ಮಾಡಿಕೊಟ್ಟಳು. ಆಮೇಲೆ ಕಟ್ಟೆ ಒಡೆದ ಹಾಗೆ ಮಾತು. ದೊಡ್ಡಮ್ಮನ ಮೆಟ್ಟಿಲ ಕೆಳಗೆ ಬೆಕ್ಕು ಮತ್ತೆ ಮರಿ ಹಾಕಿದೆಯಂತೆ. ಹಳೇ ಗೆಳತಿ ಹಲ್ಲಿಗೆ ತಂತಿ ಹಾಕಿಸಿಕೊಂಡು 'ಸ' ಅನ್ನೋಕಾಗದೆ ಒದ್ದಾಡುತ್ತಿದ್ದಾಳಂತೆ. ದೊಡ್ಡಮ್ಮನ ಮಗ ಮೀಸೆ ಬಿಟ್ಟಿದ್ದಾನಂತೆ, ಮೂತಿಗೆ ಇರುವೆ ಹತ್ತಿದ ಹಾಗಿದೆಯಂತೆ. ಒಂದೊಂದಕ್ಕೂ ಕೈ ಕುಣಿಸಿ ಹೇಳಿದಳು. ಇಷ್ಟೆಲ್ಲ ಅವಳೊಳಗೇ ಇತ್ತು.

ನಾನು ಬಟ್ಟೆ ಮಡಿಸುತ್ತಾ ಕೇಳಿದೆ. ಕೆಲಸ ಕಲಿತ ಕೈ, ನಿಧಾನ ಮಾಡು ಅಂದರೂ ಕೇಳುವುದಿಲ್ಲ. ರಾಶಿ ಬೇಗ ಕರಗಿತು. ಮಡಿಸಿಟ್ಟ ಒಂದು ಅಂಗಿಯನ್ನು ಅವಳಿಗೆ ಕಾಣದಂತೆ ಕೊಡವಿ ಬಿಚ್ಚಿ, ಮತ್ತೆ ಮಡಿಸತೊಡಗಿದೆ.

"ಆಮೇಲೆ?" ಅಂದೆ.