ಪಕ್ಕದ ಸೀಟಿನ ಬ್ರೇಕು

ಅವಳು ಕೆಲಸಕ್ಕೆ ವಾಪಸು ಬಂದ ಬೆಳಿಗ್ಗೆ ಡ್ರೈವಿಂಗ್ ಸ್ಕೂಲಿನ ಯಜಮಾನ ಕುರ್ಚಿಯಿಂದ ಎದ್ದು ನಿಂತ. ಲೈಸೆನ್ಸ್ ಕೊಡುವ ಇನ್ಸ್‌ಪೆಕ್ಟರ್ ಬಂದರೂ ಅರ್ಧ ಎದ್ದು ಮತ್ತೆ ಕೂರುವ ಮನುಷ್ಯ ಅವನು. ಅವನು ಪೂರ್ತಿ ಎದ್ದದ್ದನ್ನು ನೋಡಿಯೇ ಅವಳ ಮೈ ಉರಿಯಿತು.

"ಕೂತ್ಕೊಳ್ಳಿ ಸಾರ್. ಸತ್ತಿರೋಳು ನಾನಲ್ಲ."

ಯಜಮಾನ ಕೂತ. ಮೇಜಿನ ಮೇಲಿದ್ದ ಕೀ ಗೊಂಚಲನ್ನು ಸುಮ್ಮನೆ ಅತ್ತಿತ್ತ ಸರಿಸಿದ. "ಇನ್ಮೇಲೆ ಕ್ಲಾಸೆಲ್ಲ ಗೋಡೌನ್ ಕಡೆ ರಸ್ತೇಲೇ ಇರ್ಲಮ್ಮ. ಆ ದೊಡ್ಡ ಕ್ರಾಸ್ ಕಡೆ ಹೋಗೋದೇ ಬೇಡ. ಎಲ್ಲರಿಗೂ ಹೇಳಿಟ್ಟಿದೀನಿ."

"ಏನಂತ ಹೇಳಿಟ್ಟಿದೀರಿ?"

"ಏನಿಲ್ಲ. ಮೇಡಂಗೆ ತೊಂದರೆ ಕೊಡಬೇಡಿ ಅಂತ."

ಅವನ ಮಾತಿನ ಫಲ ಆ ವಾರವಿಡೀ ಅವಳ ತಲೆ ಚಿಟ್ಟು ಹಿಡಿಸಿತು. ಕಲಿಯಲು ಬರುವ ಬ್ಯಾಂಕ್ ಗುಮಾಸ್ತ ಗೇರ್ ಹಾಕುವ ಮೊದಲೇ ಸಾರಿ ಅನ್ನುತ್ತಿದ್ದ. ಮುಂದೆ ಮಾಡಲಿರುವ ತಪ್ಪಿಗೆ ಮುಂಗಡ. ಕಾಲೇಜು ಹುಡುಗಿಯೊಬ್ಬಳು ಡ್ಯಾಶ್‌ಬೋರ್ಡಿನ ಮೇಲೆ ಸದ್ದಿಲ್ಲದೆ ಟಿಶ್ಯೂ ಪೊಟ್ಟಣ ಇಟ್ಟು ಹೋದಳು. ಮೊದಲೆಲ್ಲ ಕಲಿಯುವವರ ನಡುವೆ ಮೇಡಂಗೆ ಬೆನ್ನ ಹಿಂದೆ ಮೆಣಸಿನಕಾಯಿ ಎಂಬ ಹೆಸರಿತ್ತು. ಅವಳಿಗೆ ಅದು ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಈಗ ಯಾರ ಬಾಯಲ್ಲೂ ಆ ಹೆಸರಿಲ್ಲ. ಮಗಳ ಜೊತೆ ಅದನ್ನೂ ಹೂತು ಬಂದ ಹಾಗೆ.

ಮನೆಯಲ್ಲೂ ಇದೇ ಗೋಳು. ಅಕ್ಕಪಕ್ಕದವರು ಮುಚ್ಚಿದ ಪಾತ್ರೆಗಳಲ್ಲಿ ಊಟ ತಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ನಿಂತವರು ಸುಮ್ಮನೆ ಹೋಗುತ್ತಿರಲಿಲ್ಲ. "ದೇವರಿಗೂ ಒಳ್ಳೆಯವರೇ ಬೇಕಲ್ಲಮ್ಮ" ಎಂದಳು ಎದುರುಮನೆಯ ಹೆಂಗಸು.

"ಹಾಗಾದ್ರೆ ನೀವು ನೂರು ವರ್ಷ ಬದುಕ್ತೀರಿ ಬಿಡಿ" ಎಂದು ಅವಳು ಬಾಗಿಲು ಹಾಕಿದಳು.

ಪಾತ್ರೆಗಳನ್ನು ತೊಳೆದು ಒರೆಸಿ ಅವರವರ ಮನೆಗೆ ವಾಪಸು ಮುಟ್ಟಿಸುತ್ತಿದ್ದವನು ಗಂಡ. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಅವನದು. ಪಾತ್ರೆಯನ್ನೂ ಹಾಗೇ ಬೆಳಕಿಗೆ ಹಿಡಿದು ನೋಡುತ್ತಿದ್ದ. ಅವಳ ಕಡೆ ಮಾತ್ರ ನೋಡುತ್ತಿರಲಿಲ್ಲ. ನಡುಮನೆಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದ. ಅವತ್ತು ಕಾರು ಓಡಿಸುತ್ತಿದ್ದವನು ಅವನು.

ಎಲ್ಲರಿಗೂ ಗೊತ್ತಿದ್ದದ್ದು ಇಷ್ಟು: ಮೂವರೂ ಕಾರಿನಲ್ಲಿದ್ದರು, ಮಗಳು ಹಿಂದಿನ ಸೀಟಿನಲ್ಲಿದ್ದಳು, ಕ್ರಾಸಿನಲ್ಲಿ ಎಡಗಡೆಯಿಂದ ಲಾರಿ ನುಗ್ಗಿತು. ಸದಾ ವಟಗುಟ್ಟುತ್ತಿದ್ದುದಕ್ಕೆ ಪಿಟಿಪಿಟಿ ಎಂದು ಹೆಸರಾಗಿದ್ದ ಮಗು ಒಂದು ವಾಕ್ಯದ ಅರ್ಧದಲ್ಲಿ ನಿಂತುಹೋಯಿತು.

ಯಾರಿಗೂ ಗೊತ್ತಿಲ್ಲದ್ದು ಇನ್ನೊಂದಿತ್ತು. ಲಾರಿಯನ್ನು ಮೊದಲು ಕಂಡವಳು ಅವಳು.

ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿಗೂ ಒಂದು ಬ್ರೇಕ್ ಇರುತ್ತದೆ. ಕಲಿಸುವವರು ಅಪಾಯ ಕಂಡಾಗ ಕೂಗಬಾರದು. ಕೂಗಿದರೆ ಕಲಿಯುವವರು ಗಾಬರಿಬಿದ್ದು ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿಬಿಡುತ್ತಾರೆ. ಬಾಯಿ ಮುಚ್ಚಿಕೊಂಡು ಕಾಲು ಒತ್ತಬೇಕು. ಹದಿನೈದು ವರ್ಷ ಅವಳು ಹೊಟ್ಟೆಪಾಡಿಗೆ ಮಾಡಿದ್ದು ಅದನ್ನೇ, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಹೇಳಿಕೊಟ್ಟದ್ದೂ ಅದನ್ನೇ. ಅವತ್ತೂ ಲಾರಿ ಕಂಡಾಗ ಅವಳು ಬಾಯಿ ಮುಚ್ಚಿಕೊಂಡು, ಹಲ್ಲು ಕಚ್ಚಿ, ಬಲವಾಗಿ ಕಾಲು ಒತ್ತಿದಳು. ಅದು ಸ್ವಂತ ಕಾರು. ಕಾಲಡಿಯಲ್ಲಿ ರಬ್ಬರ್ ಮ್ಯಾಟ್ ಇತ್ತು.

ಒಂದು ಮಾತು ಕೂಗಿದ್ದರೆ ಸಾಕಿತ್ತು. ಗಂಡ ಬ್ರೇಕ್ ಹಾಕುವುದರಲ್ಲಿ ಚುರುಕು; ಕೇಳಿಸಿದ್ದರೆ ಹಾಕುತ್ತಿದ್ದ.

ಆಸ್ಪತ್ರೆಯ ಕಾರಿಡಾರಿನಲ್ಲಿ ಅವನು "ನನ್ನಿಂದ ಹೀಗಾಯ್ತು" ಅಂದಾಗ ಅವಳು ತುಟಿ ಬಿಚ್ಚಲಿಲ್ಲ. ಆ ಮೌನವನ್ನು ಅವನು ತೀರ್ಪು ಎಂದುಕೊಂಡ. ಅವಳು ತಿದ್ದಲಿಲ್ಲ. ದಿನ ಕಳೆದಂತೆ ತಿದ್ದುವುದು ಕಷ್ಟವಾಗುತ್ತ ಹೋಯಿತು. ಅವನ ಮೇಲೆ ಸಿಡುಕುವುದು ಸುಲಭವಾಗುತ್ತ ಹೋಯಿತು. ಅವನು ತೊಳೆದ ಪಾತ್ರೆ ಕಂಡರೂ ಸಿಟ್ಟು, ಅವನು ಮಡಚಿಟ್ಟ ಚಾಪೆ ಕಂಡರೂ ಸಿಟ್ಟು.

ಎರಡನೇ ವಾರ ಬೇಕರಿಯಾಕೆ ಕಲಿಯಲು ಬಂದಳು. ಐವತ್ತರ ಆಸುಪಾಸು, ದಪ್ಪ ತೋಳು, ತೋಳಿನ ಮೇಲೆಲ್ಲ ಒಲೆಯ ತಟ್ಟೆ ತಾಗಿದ ಬರೆಗಳು. ಬೇಕರಿಯ ವ್ಯಾನ್ ಓಡಿಸುತ್ತಿದ್ದವನು ಹೇಳದೆ ಕೇಳದೆ ಕೈ ಕೊಟ್ಟಿದ್ದರಿಂದ ತಾನೇ ಕಲಿತುಬಿಡುತ್ತೇನೆ ಎಂದು ಹಟ ತೊಟ್ಟಿದ್ದಳು. ಹಿಂದಿನ ಸೀಟಿನ ಮೇಲೆ ಒಂದು ಬುಟ್ಟಿ ಇಟ್ಟಳು.

"ಬನ್ನು. ತಳ ಸೀದಿದೆ, ಮಾರೋಕಾಗಲ್ಲ. ತಿಂದ್ರೆ ತಿನ್ನಿ, ಇಲ್ಲಾಂದ್ರೆ ಹಸುಗೆ ಹಾಕ್ತೀನಿ."

"ಕ್ಲಚ್ ಒತ್ತಿ" ಅಂದಳು ಅವಳು.

ಗೋಡೌನ್ ರಸ್ತೆಯಲ್ಲಿ ಹೋದರು, ತಿರುಗಿ ಬಂದರು, ಮತ್ತೆ ಹೋದರು. ಬೇಕರಿಯಾಕೆ ಕಾರಿಗೆ ಬುದ್ಧಿ ಹೇಳುತ್ತ ಓಡಿಸುತ್ತಿದ್ದಳು: ಏಳು, ಏಳೋ ಸೋಮಾರಿ, ಹಾಂ ಉಬ್ಬು ಈಗ. ಮೂರನೇ ಸುತ್ತಿಗೆ ಅವಳಿಗೇ ಬೇಸರ ಬಂತು.

"ಅಲ್ರೀ, ಇಲ್ಲಿ ಒಂದು ನಾಯಿ ಕೂಡ ಅಡ್ಡ ಬರಲ್ಲ. ಇಲ್ಲಿ ಕಲಿತು ನಾನೇನು ಗೋಡೆಗಳಿಗೆ ಬ್ರೆಡ್ ಮಾರ್ಲಾ? ಆ ದೊಡ್ಡ ಕ್ರಾಸಿಗೆ ಕರ್ಕೊಂಡು ಹೋಗಿ."

"ಅಲ್ಲೇನಾಯ್ತು ಅಂತ ಗೊತ್ತಾ ನಿಮಗೆ?"

"ಗೊತ್ತಿದೆ. ನಮ್ಮ ಗಿರಾಕಿಗಳೆಲ್ಲ ಅದರ ಆಚೆ ಇದಾರೆ, ಅದಕ್ಕೆ ಕೇಳಿದೆ. ಆಗಲ್ಲ ಅಂದ್ರೆ ಆಗಲ್ಲ ಅನ್ನಿ. ಬೇರೆಯವರ ಹತ್ರ ಕಲೀತೀನಿ."

ಎಷ್ಟೋ ದಿನಗಳ ಮೇಲೆ ಯಾರೋ ಅವಳ ಜೊತೆ ನೇರವಾಗಿ ಮಾತಾಡಿದ್ದರು. ಅದಕ್ಕೂ ಸಿಟ್ಟೇ ಬಂತು. "ಬಲಕ್ಕೆ ತಿರುಗಿಸಿ" ಅಂದಳು.

ಕ್ರಾಸು ಎಂದಿನಂತೆಯೇ ಇತ್ತು. ಮೂಲೆಯಲ್ಲಿ ಸೈಕಲ್ ರಿಪೇರಿಯವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. ಒಂದು ಗುರುತೂ ಉಳಿಸಿಕೊಳ್ಳದ ಆ ರಸ್ತೆಯ ಮೇಲೆ ಅವಳಿಗೆ ಉಗಿಯಬೇಕೆನಿಸಿತು. ಬೇಕರಿಯಾಕೆ ಉಸಿರು ಬಿಗಿಹಿಡಿದು ಕಾರನ್ನು ನಡುವಿನತನಕ ತಂದಳು. ಆಗ ಎಡಗಡೆಯಿಂದ ಸಿಮೆಂಟಿನ ಲಾರಿಯೊಂದು ಬಂತು.

ಪಕ್ಕದ ಸೀಟಿನಲ್ಲಿ ಅವಳ ಕಾಲು ಕದಲಲಿಲ್ಲ. ಪೆಡಲಿನ ಮೇಲೇ ಇದ್ದ ಕಾಲು ಮರದ ಕೊರಡಾಯಿತು. ಬ್ರೇಕ್ ಅಲ್ಲೇ ಇತ್ತು. ಇದೆ ಎಂದು ಕಾಲು ನಂಬಲಿಲ್ಲ.

"ನಿಲ್ಲಿಸು" ಎಂದು ಕೂಗಿದಳು.

ಕಾರು ಜೋರಾಗಿ ಕುಲುಕಿ ನಿಂತು ಆಫ್ ಆಯಿತು. ಲಾರಿ ಇನ್ನೂ ಸಾಕಷ್ಟು ದೂರದಲ್ಲಿತ್ತು; ಅದರ ಡ್ರೈವರ್ ಇವರಿಗೇನಾಯಿತು ಎಂಬಂತೆ ತಲೆ ಹೊರಹಾಕಿ ನೋಡಿದ. ಆದರೆ ಅವಳು ಕೂಗುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸು, ಲಾರಿ ಬರ್ತಿದೆ, ನಿಲ್ಲಿಸೋ, ಪಾಪು ಇದೆ ಹಿಂದೆ. ಡ್ಯಾಶ್‌ಬೋರ್ಡನ್ನು ಎರಡೂ ಕೈಯಿಂದ ಗುದ್ದಿದಳು. ಟಿಶ್ಯೂ ಪೊಟ್ಟಣ ಹಾರಿ ಬಿತ್ತು.

"ನಿಲ್ಸಿದೀನಲ್ರೀ" ಅಂದಳು ಬೇಕರಿಯಾಕೆ. ಆಮೇಲೆ ಅವಳ ಮುಖ ನೋಡಿ ಸ್ಟೀರಿಂಗಿನಿಂದ ಕೈ ತೆಗೆದಳು.

"ಅವತ್ತು ನಾನು ಕೂಗಲಿಲ್ಲ ಅಕ್ಕ. ಕಂಡಿತ್ತು ನಂಗೆ. ಕಾಲು ಒತ್ತಿದೆ, ಮುಠ್ಠಾಳಿ ನಾನು. ಬ್ರೇಕೇ ಇರ್ಲಿಲ್ಲ. ಅವನಿಗೆ ಇನ್ನೂ ಹೇಳಿಲ್ಲ, ಅವನೇ ಕೊಂದ ಅಂದ್ಕೊಂಡಿದಾನೆ, ಅಂದ್ಕೊಳ್ಳಲಿ ಅಂತ ಬಿಟ್ಟಿದೀನಿ."

ನಿಮ್ಮ ತಪ್ಪಲ್ಲ ಎಂದು ಈಕೆಯೂ ಅಂದರೆ ಕೆನ್ನೆಗೆ ಬಾರಿಸಿಬಿಡುತ್ತೇನೆ ಎಂದುಕೊಂಡಳು. ಹಿಂದೆ ಹಾರ್ನ್ ಶುರುವಾಗಿತ್ತು, ಒಂದು, ಎರಡು, ಆಮೇಲೆ ಲೆಕ್ಕವಿಲ್ಲದಷ್ಟು. ಬೇಕರಿಯಾಕೆ ಹ್ಯಾಂಡ್‌ಬ್ರೇಕ್ ಎಳೆದಳು, ಬಾಗಿಲು ತೆಗೆದು ಇಳಿದಳು, ಕಾರಿನ ಹಿಂದೆ ಹೋಗಿ ಸೊಂಟಕ್ಕೆ ಕೈಕೊಟ್ಟು ರಸ್ತೆಗೆ ಅಡ್ಡ ನಿಂತಳು.

"ಏನ್ರೀ ಅದು ಬಡ್ಕೊಳ್ಳೋದು? ಕಾಣಲ್ವಾ, ಕಾರು ನಿಂತಿದೆ."

"ಸೈಡಿಗೆ ಹಾಕಮ್ಮ, ಆಫೀಸಿಗೆ ಹೊತ್ತಾಯ್ತು" ಅಂದ ಸ್ಕೂಟರಿನವನೊಬ್ಬ.

"ನೀನು ಹೋಗದಿದ್ರೆ ಆಫೀಸು ಓಡಿ ಹೋಗಲ್ಲಪ್ಪ. ಒಳಗೆ ಒಬ್ಬಳು ತಾಯಿ ಅಳ್ತಿದಾಳೆ. ಮುಗೀಲಿ, ಆಮೇಲೆ ಹೋಗುವಿಯಂತೆ."

ಸ್ಕೂಟರಿನವನು ಹಾರ್ನ್ ಮೇಲಿಂದ ಬೆರಳು ತೆಗೆದ. ಎಡಗಡೆ ಲಾರಿಯವನು ಇಂಜಿನ್ ಆಫ್ ಮಾಡಿ ಇಳಿದು, ತನ್ನ ಹಿಂದಿದ್ದವರತ್ತ ಕೈಯೆತ್ತಿ ನಿಂತ. ಹಾರ್ನ್‌ಗಳು ಒಂದೊಂದಾಗಿ ಅಡಗಿದವು. ಯಾರೂ ಹತ್ತಿರ ಬರಲಿಲ್ಲ, ಯಾರೂ ಇಣುಕಲಿಲ್ಲ. ಅಷ್ಟು ದೊಡ್ಡ ಕ್ರಾಸು ಅವಳೊಬ್ಬಳಿಗಾಗಿ ಬಾಯಿ ಮುಚ್ಚಿಕೊಂಡಿತು. ಅವಳು ಬೈದಳು: ಲಾರಿಗಳನ್ನು, ರಸ್ತೆಯನ್ನು, ದೇವರನ್ನು, ತನ್ನ ಬಲಗಾಲನ್ನು. ಗಂಟಲು ಬಿರಿಯುವವರೆಗೆ ಬೈದಳು. ಸಿಟ್ಟು ಹೋಗಲಿಲ್ಲ. ಆದರೆ ಮೊದಲ ಸಲ ಅದಕ್ಕೆ ಕೂರಲು ಜಾಗ ಸಿಕ್ಕಿತ್ತು.

ಬೇಕರಿಯಾಕೆ ವಾಪಸು ಬಂದು ಕೂತಳು. "ಈಗ ಯಾವ ಗೇರು?"

"ಫಸ್ಟ್." ಅವಳು ಮೂಗು ಒರೆಸಿಕೊಂಡಳು. "ಕ್ಲಚ್ ನಿಧಾನ ಬಿಡಿ. ಮುಂದೆ ಎಡಕ್ಕೆ."

"ಎಡಕ್ಕೆ ಯಾಕೆ? ಸ್ಕೂಲು ಈ ಕಡೆ ಅಲ್ವಾ?"

"ಹೇಳಿದಷ್ಟು ಮಾಡಿ."

"ಅಬ್ಬ, ಮೆಣಸಿನಕಾಯಿ" ಎಂದು ಗೊಣಗಿದಳು ಬೇಕರಿಯಾಕೆ. ಎಡಕ್ಕೆ ತಿರುಗಿಸಿದಳು.

ಕನ್ನಡಕದಂಗಡಿಯ ಮುಂದೆ ಕಾರು ಸೊಟ್ಟಗೆ ನಿಂತಿತು. ಗಾಜಿನಾಚೆಯಿಂದ ಅವಳನ್ನು ಕಂಡ ಗಂಡ ಕೈಯಲ್ಲಿದ್ದ ಬಟ್ಟೆಯನ್ನೂ ಇಡದೆ ಓಡಿ ಬಂದ. ಅವನ ಮುಖ ಬಿಳಿಚಿತ್ತು.

"ಏನಾಯ್ತು? ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ. ಹಿಂದೆ ಕೂತ್ಕೋ."

ಬೇಕರಿಯಾಕೆ ಬಾಗಿಲಿಗೆ ಕೈ ಹಾಕಿದಳು. "ನಾನು ಇಳೀಲಾ?"

"ಬೇಡಕ್ಕ, ನೀವಿರಿ. ಇಂಜಿನ್ ಆಫ್ ಮಾಡಿ."

ಅವನು ಹಿಂದಿನ ಬಾಗಿಲು ತೆಗೆದು ಕ್ಷಣ ತಡೆದ. ಆಮೇಲೆ ಬನ್ನಿನ ಬುಟ್ಟಿಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತ.

"ನಿನ್ನ ಮೇಲೆ ನನಗಿನ್ನೂ ಸಿಟ್ಟಿದೆ" ಅಂದಳು. "ಆದ್ರೆ ಅದು ನಿನಗೆ ಸೇರಿದ್ದಲ್ಲ."

ಕನ್ನಡಿಯಲ್ಲಿ ನೋಡುತ್ತಲೇ, ಲಾರಿ ಕಂಡೂ ಕೂಗದ ಉಳಿದ ಕತೆಯನ್ನೂ ಹೇಳಬಹುದಿತ್ತು. ಹಿಂದೆ ಕೂತವರ ಜೊತೆ ಅವಳು ಮಾತಾಡುತ್ತಿದ್ದದ್ದು ಹಾಗೆಯೇ. ಆದರೆ ಈ ಸಲ ಅವಳು ಬೆಲ್ಟ್ ಬಿಚ್ಚಿ, ಸೀಟಿನ ಮೇಲೆ ಮಂಡಿಯೂರಿ, ಪೂರ್ತಿ ಅವನ ಕಡೆ ತಿರುಗಿದಳು.