ಎಡಗಡೆಯ ಹೂವು

ಒಂದು ಕಾಲದಲ್ಲಿ, ಅಂದರೆ ತೀರ ಹಿಂದೆಯೇನಲ್ಲ, 2006ರಲ್ಲಿ, ನೆರೂಳದ ಲಿಫ್ಟಿಲ್ಲದ ಕಟ್ಟಡದ ನಾಲ್ಕನೆಯ ಮಾಳಿಗೆಯಲ್ಲಿ ಒಬ್ಬಳು ರಾಣಿ, ಒಬ್ಬ ಕಳ್ಳ, ಇಬ್ಬರು ಜಗಳಗಂಟಿ ಸವತಿಯರು ಸೇರಿ ಒಂಬತ್ತು ಮಂದಿ ಒಂದೇ ಬಿಸ್ಕೆಟ್ ಡಬ್ಬಿಯಲ್ಲಿ ವಾಸವಾಗಿದ್ದರು. ಅವರೆಲ್ಲ ನನ್ನ ಅಜ್ಜಿಯ ಚಿಪ್ಪುಗಳು. ಮದುವೆಗೆ ಮುಂಚೆ ಮಲ್ಪೆಯ ಮರಳಿನಲ್ಲಿ ಅಜ್ಜಿಯೇ ಹೆಕ್ಕಿದವು. ಎಲ್ಲವೂ ಉಗುರಿನಷ್ಟೇ ಗಾತ್ರ; ಗೆರೆಯಲ್ಲಿ, ಬಣ್ಣದಲ್ಲಿ ಮಾತ್ರ ವ್ಯತ್ಯಾಸ. ಒಂದೊಂದಕ್ಕೂ ಒಂದೊಂದು ಕಥೆ. ನಾನು ಅನ್ನಕ್ಕಿಂತ ಹೆಚ್ಚು ಆ ಕಥೆಗಳನ್ನೇ ಉಂಡು ಬೆಳೆದವಳು.

ಆ ವರ್ಷ ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂತು. ಶುಗರ್ ಇಳಿಯದೆ ಆಪರೇಷನ್ ಇಲ್ಲ ಎಂದರು ಡಾಕ್ಟರು. ಒಂದು ದಿನ ಅಜ್ಜಿ ಕಳ್ಳನನ್ನು ಅಂಗೈಯಲ್ಲಿಟ್ಟುಕೊಂಡು ರಾಣಿಯ ಸ್ವಯಂವರ ಹೇಳತೊಡಗಿದರು. ನಾನು ನಕ್ಕುಬಿಟ್ಟೆ. ಅವರು ಡಬ್ಬಿಗೆ ಮುಚ್ಚಳ ಹಾಕಿದರು.

"ಮುಖವೇ ಕಾಣದ ಮೇಲೆ ಯಾರ ಕಥೆ ಹೇಳುದು ಮಗಾ?"

ಆಮೇಲೆ ಒಂದು ತಿಂಗಳು ಮನೆಯಲ್ಲಿ ಕಥೆಯೇ ಇಲ್ಲ. ತಡೆಯಲಾಗದೆ ಎದೆ ತಟ್ಟಿಕೊಂಡು ಮಾತು ಕೊಟ್ಟೆ: "ಒಂಬತ್ತನ್ನೂ ಟಿವಿಯಷ್ಟು ದೊಡ್ಡ ಮಾಡಿ ತೋರಿಸ್ತೇನೆ ಅಜ್ಜಿ. ಆಗ ಹೇಳಬೇಕು."

ಈ ಧೈರ್ಯಕ್ಕೆ ಕಾರಣ ಸುಜನ್ ಚಿಕ್ಕಪ್ಪ. ನನಗಿಂತ ಎಂಟೇ ವರ್ಷ ದೊಡ್ಡವನು. ಮಸ್ಕತ್ತಿನಿಂದ ರಜೆಗೆ ಬಂದಿದ್ದ ಅವನ ಬಳಿ ಅಂಗಿಯ ಜೇಬಿನಲ್ಲಿ ಹಿಡಿಸುವ ಡಿಜಿಟಲ್ ಕ್ಯಾಮೆರಾ ಇತ್ತು, ಅದನ್ನು ಟಿವಿಗೆ ಜೋಡಿಸುವ ಹಳದಿ ಪಿನ್ನಿನ ವೈರೂ ಇತ್ತು. ಆದರೆ ಅವರಿವರ ಮದುವೆ, ಗೃಹಪ್ರವೇಶ ಎಲ್ಲ ಸುತ್ತಿ ಕ್ಯಾಮೆರಾ ನನ್ನ ಕೈಗೆ ಬಂದದ್ದು ಅವನು ಹೊರಡುವ ಭಾನುವಾರವೇ. ನಾಲ್ಕು ಗಂಟೆಗೆ ಟ್ಯಾಕ್ಸಿ.

ಕಿಟಕಿಯ ಬಳಿ ಕಪ್ಪು ದುಪಟ್ಟಾ ಹಾಸಿ ರಾಣಿಯನ್ನು ಕೂರಿಸಿದೆ. ಕ್ಲಿಕ್. ಟಿವಿಯಲ್ಲಿ ಬಂದದ್ದು ಮಂಜು. ಇನ್ನಷ್ಟು ಹತ್ತಿರ ಹೋದೆ. ಇನ್ನಷ್ಟು ದಪ್ಪ ಮಂಜು.

"ಇದೆಂತದು, ನನ್ನ ಕಣ್ಣನ್ನೇ ಕಿತ್ತು ಟಿವಿಗೆ ಹಾಕಿದ್ಯಾ?" ಎಂದರು ಅಜ್ಜಿ.

ಕ್ಯಾಮೆರಾದ ಬೆನ್ನಿನಲ್ಲಿ ಒಂದು ದುಂಡನೆಯ ಗುಂಡಿ. ಅದರ ಬಲಗಡೆ ಮಿಂಚಿನ ಚಿತ್ರ, ಎಡಗಡೆ ಪುಟಾಣಿ ಹೂವಿನ ಚಿತ್ರ.

"ಚಿಕ್ಕಪ್ಪಾ, ಈ ಹೂ ಎಂತಕ್ಕೆ?"

ಅವನು ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆಯುತ್ತಿದ್ದ. "ಹೂವಿನಂಥ ಸಣ್ಣದ್ರ ಫೋಟೋ ಹತ್ತಿರದಿಂದ ತೆಗಿಲಿಕ್ಕೆ. ಮತ್ತೆಂತ, ಮುಡಿಲಿಕ್ಕಾ?"

ಅಜ್ಜಿಯ ಕಿವಿ ಮಾತ್ರ ಚುರುಕು. "ಹೂವಾ? ಯಾವ ಕಡೆ?"

"ಎಡಗಡೆ."

"ಛೆ ಛೆ, ಮುಟ್ಟಬೇಡ!"

ನಮ್ಮ ಮನೆಯವರು ಹೂಪ್ರಸಾದ ಕೇಳದೆ ಫ್ರಿಜ್ಜನ್ನೂ ಕೊಂಡವರಲ್ಲ. ದೇವರ ಮುಡಿಯಿಂದ ಹೂವು ಬಲಗಡೆಗೆ ಜಾರಿದರೆ ಆಗಬಹುದು, ಎಡಗಡೆಗೆ ಬಿದ್ದರೆ ಬೇಡ.

"ಎಡದ ಹೂ ಒತ್ತಿ ತೆಗೆದ ಪಟ ನಾನು ನೋಡುದಿಲ್ಲ," ಎಂದರು ಅಜ್ಜಿ. "ಬಲಗಡೆ ಎಂತ ಉಂಟು?"

"ಮಿಂಚು."

"ಅದನ್ನೇ ಒತ್ತು."

ಒತ್ತಿದೆ. ಫಳ್ಳೆಂದಿತು. ರಾಣಿ ಇಡ್ಲಿಯಾದಳು. ಕಳ್ಳನೂ ಇಡ್ಲಿ, ಸವತಿಯರೂ ಇಡ್ಲಿ. ಒಂದರ ಹಿಂದೊಂದು ಒಂಬತ್ತು ಬೆಳ್ಳನೆಯ ಇಡ್ಲಿಗಳು ಟಿವಿಯಲ್ಲಿ ಬಂದು ಹೋದವು. "ಏಕ್ ಪ್ಲೇಟ್ ಸಾಂಬಾರ್ ಲಾವೋ!" ಎಂದು ಚಿಕ್ಕಪ್ಪ ಕೂಗಿದ. ನನಗೂ ನಗು ತಡೆಯಲಿಲ್ಲ. ನಗುತ್ತ ನಗುತ್ತ ಗಡಿಯಾರ ನೋಡಿದೆ: ಮೂರೂವರೆ.

ಅಜ್ಜಿ ನಗಲಿಲ್ಲ. "ಸಾಕು ಬಿಡು ಮಗಾ," ಎನ್ನುತ್ತ ನೆಲ ತಡವಿ ಡಬ್ಬಿಯ ಮುಚ್ಚಳ ಹುಡುಕತೊಡಗಿದರು.

ನಾನು ಮುಚ್ಚಳದ ಮೇಲೆಯೇ ಕುಳಿತುಬಿಟ್ಟೆ. "ಅಜ್ಜೀ, ಹೂಪ್ರಸಾದದಲ್ಲಿ ಬಲಗಡೆ ಅಂದ್ರೆ ಯಾರ ಬಲಗಡೆ?"

"ದೇವರದ್ದು. ನಮ್ಮದಲ್ಲ."

"ದೇವರು ಎದುರಿಗೆ ಕೂತಿದ್ರೆ ಅವರ ಬಲ ನಮಗೆ?"

"ಎಡ."

"ಮತ್ತೆ!" ಎಂದು ಕುಣಿದೆ.

"ಏ, ನಿಲ್ಲು ನಿಲ್ಲು," ಎಂದ ಚಿಕ್ಕಪ್ಪ. "ಕ್ಯಾಮೆರಾದ ಕಣ್ಣು ಆಚೆ ಕಡೆ ಉಂಟಲ್ಲ? ಅದು ನಮಗೆ ಬೆನ್ನು ಹಾಕಿ ನಿಂತಿದೆ. ಅದರ ಎಡ, ನಮ್ಮ ಎಡ, ಎರಡೂ ಒಂದೇ." ಯಾವ ಜನ್ಮದಲ್ಲಿ ವಕೀಲನಾಗಿದ್ದನೋ!

"ಕ್ಯಾಮೆರಾ ದೇವರಾ? ನಾವು ಕೇಳ್ತಿರುದು ರಾಣಿ ಹತ್ರ. ರಾಣಿ ನಮ್ಮ ಎದುರೇ ಕೂತಿದ್ದಾಳೆ!"

ಅಜ್ಜಿ ಒಂದು ಕೈಯನ್ನು ರಾಣಿಯ ಕಡೆಗೆ, ಇನ್ನೊಂದನ್ನು ನನ್ನ ಕಡೆಗೆ ಚಾಚಿ, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದರು. "ಹೌದಲ್ಲ ಮಾರಾಯ್ತಿ! ಅವಳ ಬಲಗಡೆಗೇ ಬಿದ್ದಿದೆ ಹೂ. ಒತ್ತು, ಒತ್ತು!"

ಒತ್ತಿದೆ. ಮಿಂಚು ಆರಿತು, ಪರದೆಯ ಮೂಲೆಯಲ್ಲಿ ಹೂವು ಅರಳಿತು. ಚಿಪ್ಪಿಗೆ ಮೂಗು ತಾಗುವಷ್ಟು ಬಗ್ಗಿ ಉಸಿರು ಹಿಡಿದು ಕ್ಲಿಕ್ ಮಾಡಿದೆ. ರಾಣಿ ಟಿವಿಯ ಈ ಅಂಚಿನಿಂದ ಆ ಅಂಚಿನವರೆಗೆ ಗುಲಾಬಿ ನಿರಿಗೆ ಹರಡಿ ಬಂದು ಕುಳಿತಳು!

ಅಜ್ಜಿ ಎದ್ದುಹೋಗಿ ಟಿವಿಗೆ ಮುಖ ಒತ್ತಿದರು. "ಇವಳೇ! ಇಕೊ, ಸೆರಗಿನ ತುದಿ ಮುಕ್ಕಾಗಿದೆ. ನನ್ನ ತಂಗಿ ಜಯಲತಾ ಕಡಲೆ ಅಂತ ಕಚ್ಚಿದ್ದು!"

ಆಮೇಲೆ ಮನೆಯಲ್ಲಿ ಹಬ್ಬ. ಚಿಕ್ಕಪ್ಪ ಸೂಟ್‌ಕೇಸ್ ಬಿಟ್ಟು ಸ್ಟೀಲಿನ ತಟ್ಟೆ ಹಿಡಿದು ಚಿಪ್ಪಿನ ಮೇಲೆ ಬಿಸಿಲು ಬೀಳಿಸಿದ. ಒಬ್ಬಳು ಸವತಿ ಬಂದಳು, ಅಜ್ಜಿ ಬೈದರು. ಇನ್ನೊಬ್ಬಳು ಬಂದಳು, ಅವಳಿಗೂ ಬೈದರು. ಎಂಟನೆಯದು ಮುಗಿಯುವಾಗ ಕೆಳಗೆ ಟ್ಯಾಕ್ಸಿಯ ಹಾರ್ನ್.

ಚಿಕ್ಕಪ್ಪ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೂಗಿದ: "ದೋ ಮಿನಿಟ್, ಭೈಯಾ! ಚೋರ್ ಬಾಕಿ ಹೈ!"

ನಗುವಿಗೆ ಕ್ಯಾಮೆರಾ ಅಲುಗಿ ಕಳ್ಳ ಎರಡು ಸಲ ತಪ್ಪಿಸಿಕೊಂಡ. ಮೂರನೆಯ ಸಲ ಕಪ್ಪು ಮಚ್ಚೆ, ಸೊಟ್ಟ ಮೂತಿ ಸಮೇತ ಟಿವಿಯ ತುಂಬ ಬಂದು ನಿಂತ. ಅಜ್ಜಿ ಗಾಜಿಗೆ ಅಂಗೈಯಿಂದ ಪಟ್ಟೆಂದು ಹೊಡೆದು, "ಸಿಕ್ಕಿಬಿದ್ಯಾ!" ಎಂದರು.