ಓಮಿಯಿನ್ ಎನ್ನದ ಮೇಯರ್

ಸಂಸ್ಕೃತಿ ಭವನವನ್ನು ಎಷ್ಟು ಬೆಚ್ಚಗೆ ಮಾಡಿಟ್ಟಿದ್ದರೆಂದರೆ, ಹಿಮದಲ್ಲಿ ನಡೆದು ಬಂದವರಿಗೆ ಕೂತ ಐದೇ ನಿಮಿಷಕ್ಕೆ ಕಣ್ಣು ಎಳೆಯತೊಡಗಿತು. ವೇದಿಕೆಯ ಮೇಲೆ ಮೇಯರ್ ಎರ್ಮೆಕ್ ವರ್ಷದ ವರದಿ ಓದುತ್ತಿದ್ದ. ಇಷ್ಟು ಬಸ್ಸು, ಇಷ್ಟು ದೀಪದ ಕಂಬ, ಪೊಲೀಸರಿಗೆ ಬಂದ ಕರೆಗಳಲ್ಲಿ ನೂರಕ್ಕೆ ತೊಂಬತ್ತಾರು ಪರಿಹಾರ. ಕೇಳುತ್ತಿದ್ದರೆ, ಇಂಥ ಊರೊಂದು ಎಲ್ಲಿದೆ, ನಾವೂ ಹೋಗಿ ಇದ್ದುಬಿಡೋಣ ಅನ್ನಿಸುತ್ತಿತ್ತು.

ಮುಂದಿನ ಸಾಲಿನಲ್ಲಿ ಕಲ್ಮುರ್ಜಾ ಮುದುಕ ತೂಕಡಿಸುತ್ತಿದ್ದ. ಮೂವತ್ತನಾಲ್ಕು ವರ್ಷ ಇದೇ ಊರಿನಲ್ಲಿ, ತಲೆಯ ಮೇಲಿನ ಕರೆಂಟು ತಂತಿಯಿಂದ ನಡೆಯುವ ಟ್ರಾಲಿಬಸ್ಸು ಓಡಿಸಿದವನು. ಮೇಯರನ ದನಿ ಅವನ ಕಿವಿಯಲ್ಲಿ ಮೆಲ್ಲಗೆ ಮೇಲಿನ ತಂತಿಯ ಗುಂಯ್‌ಗುಡುವಿಕೆಯಾಯಿತು. ಭವನ ಬಸ್ಸಿನಂತೆ ಸದ್ದಿಲ್ಲದೆ ಹೊರಟಿತು. ಕಿಟಕಿಯಾಚೆ ಪಾಪ್ಲರ್ ಮರಗಳು ಹಿಂದೆ ಸರಿದವು. ಒಂದು ಸ್ಟಾಪಿನಲ್ಲಿ ಸತ್ತುಹೋದ ಹೆಂಡತಿ ಈರುಳ್ಳಿ ಚೀಲ ಹೊತ್ತು ಹತ್ತಿದಳು, ಟಿಕೆಟ್ ಕೇಳಿದರೆ ಮೂತಿ ತಿರುವಿದಳು. ಕೊನೆಯ ಸ್ಟಾಪಿನಲ್ಲಿ ಮೊಮ್ಮಗಳು ಐಜಿರೆಕ್ ಕೈಬೀಸುತ್ತ ನಿಂತಿದ್ದಳು. ಬ್ರೇಕು ಒತ್ತಿದ, ಒತ್ತಿದ, ಬಸ್ಸು ನಿಲ್ಲಲೇ ಇಲ್ಲ. ಅವಳು ಹಿಂದೆ ಹಿಂದೆ ಹೋಗಿ ಚುಕ್ಕಿಯಾದಳು.

"ಅತಾ, ಗೊರಕೆ ಹೊಡೀತಿದೀರ," ಎಂದು ಪಕ್ಕದಲ್ಲಿದ್ದ ಐಜಿರೆಕ್ ಮೊಳಕೈಯಲ್ಲಿ ತಿವಿದಳು.

"ನಿದ್ದೆ ಯಾರು ಮಾಡಿದ್ರು? ಕಣ್ಣು ಮುಚ್ಚಿ ಕೇಳಿಸ್ಕೋತಿದ್ದೆ."

"ಮೇಯರೂ ನಿಮ್ಮನ್ನೇ ಕೇಳಿಸ್ಕೋತಿದಾರೆ."

ಮೂರು ವಾರದಲ್ಲಿ ಅವಳು ಮಾಡಿದ ಮೊದಲ ತಮಾಷೆ ಅದು. ಮುದುಕನಿಗೆ ಹಾಯೆನಿಸಿತು. ಹುಡುಗಿ ಕೆಳಗಿನ ಊರಿನಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು. ಏಳನೇ ನಂಬರ್ ಬಸ್ಸು ಮೊದಲೆಲ್ಲ ಅವರ ಮನೆಯಿದ್ದ ಸಾರಿಬೆಲ್ ದಿಬ್ಬದ ತುದಿಯವರೆಗೂ ಬರುತ್ತಿತ್ತು. ಈ ಚಳಿಗಾಲದಿಂದ ಬುಡದಲ್ಲೇ ನಿಲ್ಲುತ್ತಿತ್ತು. ಅಲ್ಲಿಂದ ಮೂರು ಕಿಲೋಮೀಟರು ಕತ್ತಲೆ. ಒಂದು ಸಂಜೆ ಯಾವನೋ ದೀಪ ಆರಿಸಿದ ಕಾರಿನಲ್ಲಿ ಅವಳ ಹಿಂದೆಯೇ ದಾರಿಯುದ್ದಕ್ಕೂ ತೆವಳಿಕೊಂಡು ಬಂದ. ಅವಳು ಪೊಲೀಸರಿಗೆ ಫೋನು ಮಾಡಿದಳು. ಅವರೇನಂದರು ಎಂದು ಮನೆಯಲ್ಲಿ ಬಾಯಿಬಿಡಲಿಲ್ಲ. ಮರುದಿನದಿಂದ ಕಾಲೇಜಿಗೆ ಹೋಗಲಿಲ್ಲ. ಬರುವ ಸೋಮವಾರವೂ ಹೋಗದಿದ್ದರೆ ಹೆಸರು ಹೊಡೆದುಹಾಕುತ್ತೇವೆಂದು ಕಾಗದ ಬಂದಿತ್ತು.

ಅದಕ್ಕೇ ಮುದುಕ ಬಂದಿದ್ದ. ವರ್ಷಕ್ಕೊಂದು ದಿನ ಮೇಯರನ್ನು ಜನ ಎದುರಿಗೇ ಪ್ರಶ್ನೆ ಕೇಳಬಹುದು. ಬಾಗಿಲಲ್ಲೇ ಚೀಟಿ ಬರೆದುಕೊಟ್ಟಿದ್ದ, ಹನ್ನೊಂದನೇ ಪ್ರಶ್ನೆ ಅವನದು. ಚೀಟಿ ತೆಗೆದುಕೊಂಡ ಬೆಗಾಯಿಮ್, ಮೇಯರನ ಸಹಾಯಕಿ, ಅವನ ಬಿಳಿ ಗಡ್ಡ ನೋಡಿ ಬೆಣ್ಣೆಯಂತೆ ಕರಗಿದ್ದಳು. "ಅಕ್ಸಕಾಲ್, ಸಭೆಯ ಕೊನೇಲಿ ಎಲ್ಲರನ್ನೂ ಹರಸೋ ಬತಾ ನೀವೇ ಕೊಡಬೇಕು. ನಿಮ್ಮಂಥ ಹಿರಿಯರು ಇನ್ಯಾರಿದಾರೆ?" ಮುದುಕ ಉಬ್ಬಿಹೋಗಿ ಹೂಂ ಅಂದುಬಿಟ್ಟಿದ್ದ.

ಪ್ರಶ್ನೆಗಳು ಶುರುವಾದವು. ಒಬ್ಬ ಶಾಲೆಯ ಮುಖ್ಯಸ್ಥ ಎದ್ದು, ಹೊಸ ಬಣ್ಣಕ್ಕೆ ಮೇಯರಿಗೆ ಹೇಗೆ ಕೃತಜ್ಞತೆ ಹೇಳಬೇಕು ಎಂದು ಕೇಳಿದ. ಇದೂ ಒಂದು ಪ್ರಶ್ನೆ! ಎರಡನೆಯವನು ಕಾರಂಜಿಯನ್ನು ಹೊಗಳಿದ. ಮೂರನೆಯವಳು ಕವನ ಓದಿದಳು. ಆಮೇಲೆ ಬೆಗಾಯಿಮ್ ಮೈಕು ಹಿಡಿದು, "ಹೊತ್ತಾಯ್ತು, ಈಗ ಕಲ್ಮುರ್ಜಾ ಅಕ್ಸಕಾಲ್ ಬತಾ ಕೊಡ್ತಾರೆ," ಎಂದಳು.

ಮುದುಕನ ನಿದ್ದೆ ಪೂರ್ತಿ ಹಾರಿಹೋಯಿತು. ಹಿರಿಯನು ಅಂಗೈ ತೆರೆದು ಹರಸಿ, ಎಲ್ಲರೂ ಓಮಿಯಿನ್ ಎಂದು ಮುಖ ಸವರಿಕೊಂಡರೆ ಸಭೆ ಮುಗಿದಂತೆ. ಆಮೇಲೆ ಬಾಯಿ ತೆರೆದವನು ಹಿರಿಯರ ಮುಖಕ್ಕೆ ಉಗಿದ ಹಾಗೆ. ಹನ್ನೊಂದನೇ ಪ್ರಶ್ನೆಗೆ ಬೀಗ ಹಾಕಲು ಹನ್ನೊಂದನೆಯವನ ಕೈಗೇ ಬೀಗ ಕೊಟ್ಟಿದ್ದರು. ಎಂಥ ಮುಟ್ಠಾಳ ನಾನು ಎಂದು ಅವನು ತನ್ನನ್ನೇ ಬೈದುಕೊಂಡ.

ಭವನವೆಲ್ಲ ಎದ್ದು ನಿಂತು ಅಂಗೈ ಒಡ್ಡಿತು. ವೇದಿಕೆಯಲ್ಲಿ ಮೇಯರ್, ಪಕ್ಕದಲ್ಲಿ ಪೊಲೀಸ್ ಮುಖ್ಯಸ್ಥ, ಇಬ್ಬರೂ ತಲೆ ಬಾಗಿಸಿ ಕೈಯೊಡ್ಡಿದರು. ಬತಾದಲ್ಲಿ ದೂರು ಹೇಳುವಂತಿಲ್ಲ, ಕೆಟ್ಟ ಮಾತು ಬರುವಂತಿಲ್ಲ, ಬರೀ ಒಳ್ಳೆಯದನ್ನೇ ಹಾರೈಸಬೇಕು. ಆ ಮೌನದಲ್ಲಿ ಮುದುಕನಿಗೆ ಮತ್ತೆ ತಂತಿಯ ಗುಂಯ್ ಕೇಳಿಸಿದಂತಾಯಿತು. ಅವನು ಕೈಯೆತ್ತಿದ.

"ಎರ್ಮೆಕ್ ಮಗನೇ, ನಿನ್ನ ದಾರಿ ಬೆಳ್ಳಗಿರಲಿ. ನಿನ್ನ ಒಲೆ ಆರದಿರಲಿ. ನಿನಗೊಬ್ಬಳು ಮಗಳಿದಾಳಂತೆ, ನೂರು ವರ್ಷ ಬಾಳಲಿ. ನಮ್ಮ ಮಕ್ಕಳಿಗೆ ನೀನು ಏನೇನು ಕೊಟ್ಟಿದೀಯೋ, ಅದೆಲ್ಲ ಅವಳಿಗೂ ಸಿಗಲಿ. ಏಳನೇ ನಂಬರ್ ಬಸ್ಸು ಅವಳನ್ನೂ ಸಂಜೆ ಐದೂವರೆಗೆ ಸಾರಿಬೆಲ್ ಬುಡದಲ್ಲಿ ಇಳಿಸಲಿ. ನನ್ನ ಐಜಿರೆಕ್ ನಡೆದ ದಾರೀಲೇ ಅವಳೂ ನಡೀಲಿ, ಅದೇ ಉರಿಯದ ಕಂಬಗಳ ಕೆಳಗೆ. ಹಿಂದೆ ಕಾರು ಬಂದಾಗ, ನಿನ್ನ ಪೊಲೀಸರು ಇವಳಿಗೆ ಏನಂದ್ರೋ ಅದನ್ನೇ ಅವಳಿಗೂ ಅನ್ನಲಿ. ಓಮಿಯಿನ್!"

ಯಾರೂ ಓಮಿಯಿನ್ ಅನ್ನಲಿಲ್ಲ. ಎಲ್ಲರ ಕಣ್ಣೂ ಮೇಯರನ ಕೈಗಳ ಮೇಲಿತ್ತು. ಆ ಕೈಗಳು ಒಂದು ಕ್ಷಣ ಗಾಳಿಯಲ್ಲಿ ನಿಂತವು. ಆಮೇಲೆ ಮೆಲ್ಲಗೆ ಕೆಳಗಿಳಿದು ಜೇಬು ಸೇರಿದವು.

"ಇದೆಂಥ ಬತಾ, ಅಕ್ಸಕಾಲ್? ಮಗು ಮೇಲೆ ಶಾಪ ಹಾಕ್ತೀರಾ?" ಮೇಯರನ ಮುಖ ಕೆಂಪಾಗಿತ್ತು.

"ಶಾಪ ಅಲ್ಲಪ್ಪ. ನೀನು ಕೊಟ್ಟಿದ್ದೇ ನಿನ್ನ ಮಗಳಿಗೂ ಸಿಗಲಿ ಅಂದೆ. ಅದು ಒಳ್ಳೇದಾಗಿದ್ರೆ ಕೈ ಯಾಕೆ ಇಳಿಸ್ದೆ?"

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು, "ಹೇಳಪ್ಪಾ, ಯಾಕೆ ಇಳಿಸ್ದೆ?" ಎಂದು ಕೂಗಿದಳು. ಬೆಗಾಯಿಮ್ ಮೈಕು ಆರಿಸಿದಳು. ಆದರೇನು, ಬತಾ ಮುಗಿದಿರಲಿಲ್ಲ. ಬತಾ ಮುಗಿಯದೆ ಹೊರಡುವವರು ಯಾರು? ಜನ ಕೈಯೊಡ್ಡಿಕೊಂಡೇ ನಿಂತಿದ್ದರು.

ಆಗ ಐಜಿರೆಕ್ ಮುಂದೆ ಬಂದಳು. ಅವಳ ದನಿ ಕೊನೆಯ ಸಾಲಿಗೂ ಕೇಳುತ್ತಿತ್ತು.

"ಪೊಲೀಸರು ಏನಂದ್ರು ಅಂತ ನಮ್ಮ ಅತಾಗೆ ಗೊತ್ತಿಲ್ಲ. ನಾನು ಹೇಳಿಲ್ಲ. 'ಆ ಹೊತ್ತಲ್ಲಿ ಅಲ್ಲಿ ನಿನಗೇನು ಕೆಲಸ' ಅಂದ್ರು. ಕಾರು ಹಿಂದೇನೇ ಇತ್ತು. ನಗ್ತಾ ಅಂದ್ರು." ಪೊಲೀಸ್ ಮುಖ್ಯಸ್ಥ ಬೂಟು ನೋಡಿಕೊಂಡ. "ಸೋಮವಾರ ನಾನು ಕಾಲೇಜಿಗೆ ಹೋಗ್ತೀನಿ. ಐದೂವರೆಗೆ ವಾಪಸ್ ಬರ್ತೀನಿ. ಆಗ ಅಲ್ಲಿ ಏನಿರತ್ತೆ, ಹೇಳಿ."

ಮುದುಕ ಅವಳತ್ತ ತಿರುಗಿದ. ಮೊದಲು ಬಸ್ಸು ಬರಲಿ, ಆಮೇಲೆ ಹೋಗು ಅನ್ನಬೇಕೆಂದಿದ್ದ. ಈ ಹುಡುಗಿ ತಾನೇ ಮೊದಲು ಹೊರಟಿದ್ದಳು.

ಮೇಯರ್ ಕಾಗದಗಳನ್ನು ತಡಕಾಡಿದ. ಇದಕ್ಕೆ ಯಾರೂ ಉತ್ತರ ಬರೆದುಕೊಟ್ಟಿರಲಿಲ್ಲ. ಕೊನೆಗೆ, "ಸೋಮವಾರದಿಂದ ಬಸ್ಸು ಮೇಲಿನ ತನಕ ಬರತ್ತೆ. ಕಂಬಗಳಿಗೆ ದೀಪಾನೂ ಹಾಕಿಸ್ತೀನಿ," ಎಂದ. ಅರ್ಧ ಉಸಿರು ಬಿಟ್ಟು, "ಈಗಲಾದ್ರೂ ಬತಾ ಮುಗಿಸ್ತೀರಾ?"

"ಇಲ್ಲಪ್ಪ," ಎಂದು ಕಲ್ಮುರ್ಜಾ ಕೈ ಇಳಿಸಿದ. "ಸೋಮವಾರ ದಿಬ್ಬದ ಬುಡದಲ್ಲಿ ನಿಂತಿರ್ತೀನಿ. ಅಲ್ಲೇ ನೋಡಿ ಮುಗಿಸ್ತೀನಿ."

ಬತಾ ಇಲ್ಲದ ಸಭೆಯಿಂದ ಜನ ಮುಖಮುಖ ನೋಡಿಕೊಳ್ಳುತ್ತ ಹೊರಬಂದರು. ಸಭೆ ಮುಗಿಯಿತೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ.

ಸೋಮವಾರ ಐದು ಗಂಟೆಗೇ ಮುದುಕ ದಿಬ್ಬದ ಬುಡ ಸೇರಿದ. ಹಿಮ ಹತ್ತಿಯ ಎಳೆಯಂತೆ ಬೀಳುತ್ತಿತ್ತು. ಎಲ್ಲ ಕನಸಿನಲ್ಲಿ ನಡೆಯುತ್ತಿರುವಂತೆ ನಿಶ್ಶಬ್ದ. ಐದೂವರೆಯಾಯಿತು. ಐದು ಮುಕ್ಕಾಲಾಯಿತು. ಬರದಿದ್ದರೆ ಏನು ಮಾಡಲಿ, ಯಾವ ಬಾಯಲ್ಲಿ ಅವಳನ್ನು ಕಳಿಸಿದೆ ಎಂದುಕೊಳ್ಳುತ್ತ ರಸ್ತೆಯನ್ನೇ ನೋಡಿದ.

ಆಗ ಎರಡು ಹಳದಿ ಬೆಳಕು ತಿರುವಿನಲ್ಲಿ ಕಾಣಿಸಿತು. ಏಳನೇ ನಂಬರು. ಅದು ಸ್ಟಾಪಿನಲ್ಲಿ ನಿಲ್ಲಲಿಲ್ಲ. ಅವನ ಮುಂದೆಯೇ ಹಾದು ದಿಬ್ಬ ಹತ್ತತೊಡಗಿತು. ಕಿಟಕಿಯಲ್ಲಿ ಐಜಿರೆಕ್ ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದಳು, ಹೆದರಿಕೆ ಇಲ್ಲದವರು ಮಾಡುವ ನಿದ್ದೆ. ತಾತನನ್ನು ನೋಡಲೂ ಇಲ್ಲ.

ಮುದುಕನ ಕಣ್ಣು ತುಂಬಿ ಬಂತು. ಕೈಗಳು ತಾವಾಗಿಯೇ ಮೇಲೆದ್ದವು. ಆಗ ದಿಬ್ಬದ ಕಂಬಗಳನ್ನು ನೋಡಿದ. ಒಂದರಲ್ಲೂ ದೀಪವಿರಲಿಲ್ಲ.

"ಇನ್ನೂ ಇಲ್ಲ, ಎರ್ಮೆಕ್ ಮಗನೇ," ಎಂದು ಕೈಗಳನ್ನು ಮತ್ತೆ ಕೋಟಿನ ಜೇಬಿಗೆ ಹಾಕಿಕೊಂಡು, ಕತ್ತಲಲ್ಲಿ ಮೂರು ಕಿಲೋಮೀಟರು ತಾನೇ ನಡೆದು ಮನೆಗೆ ಹೊರಟ.